ಪದಚರ್ಚೆ: ‘ಗಿಲ್ಡೆಡ್ ಏಜ್’ ಅಂದರೆ ಸುವರ್ಣಯುಗವೇ?

ಬಲ್ಲವರಲ್ಲಿ ಒಂದು ಕೇಳಿಕೆ.

ಅಮೆರಿಕದ ಅಂತರ್ಯುದ್ಧ ಮುಗಿದ 1865ರಿಂದ ಶತಮಾನದ ಕೊನೆಯವರೆಗೆ ಅಲ್ಲಿ ನಡೆದ ಸಾಹಿತ್ಯ, ಚಿತ್ರಕಲೆ, ವಾಸ್ತುಶಿಲ್ಪಗಳ ಬಗ್ಗೆ ಒಂದು ದೀರ್ಘ ಪ್ರಬಂಧವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟ ಪುಟಕ್ಕೂ ಎದುರಾಗುವ ಮಾತು ‘ಗಿಲ್ಡೆಡ್ ಏಜ್’, ಪದಶಃ ಮೇಲೆ ಚಿನ್ನ ಬಳಿದ ಕಾಲ. ಕರಡು ಓದಿದ ಗೆಳೆಯರೊಬ್ಬರು ಅದು ಬಂದಲ್ಲೆಲ್ಲ ‘ಸುವರ್ಣಯುಗ’ ಎಂದು ತಿದ್ದಿ ಕಳಿಸಿದ್ದಾರೆ. ಅದು ಸಲ್ಲದು ಅನ್ನುವ ಬಗ್ಗೆ ನನಗೆ ಅನುಮಾನವಿಲ್ಲ. ಅದರ ಜಾಗದಲ್ಲಿ ಏನನ್ನು ಕೂರಿಸಬೇಕು ಅನ್ನುವುದೇ ತೊಡಕು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸುವರ್ಣಯುಗ ಅಂದಕೂಡಲೇ ನಮಗೆ ನೆನಪಾಗುವುದು ಶಾಲೆಯ ಚರಿತ್ರೆ ಪುಸ್ತಕ. ಗುಪ್ತರ ಕಾಲವನ್ನು ಸುವರ್ಣಯುಗವೆಂದು ಏಕೆ ಕರೆಯುತ್ತಾರೆ, ಐದು ಅಂಕ. ಅದು ಹೊಗಳಿಕೆಯ ಮಾತು. ‘ಗಿಲ್ಡೆಡ್ ಏಜ್’ ಹುಟ್ಟಿದ್ದೇ ಬೈಗುಳವಾಗಿ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ನೆರೆಹೊರೆಯವರಾಗಿದ್ದ ಮಾರ್ಕ್ ಟ್ವೇನ್ ಮತ್ತು ಚಾರ್ಲ್ಸ್ ಡಡ್ಲಿ ವಾರ್ನರ್ ಕೂಡಿ ಬರೆದು 1873ರಲ್ಲಿ ಹೊರತಂದ ಕಾದಂಬರಿಯ ಹೆಸರು ಅದು. ಕೆಳಗೆ ಇನ್ನೊಂದು ಸಾಲು: ‘ಇವತ್ತಿನ ಕತೆ’. ಚಾಟಿ ಬೀಸಿದ್ದು ಅಜ್ಜಂದಿರ ಕಾಲಕ್ಕಲ್ಲ, ತಮ್ಮದೇ ಕಾಲಕ್ಕೆ ಎಂದು ಮುಖಪುಟದಲ್ಲೇ ಹೇಳಿಬಿಟ್ಟಿದ್ದಾರೆ.

ಕಾದಂಬರಿಯಲ್ಲಿ ಅರಮನೆಗಳಿಲ್ಲ, ಔತಣಕೂಟದ ವೈಭವವಿಲ್ಲ. ಟೆನೆಸ್ಸಿಯಲ್ಲಿ 75,000 ಎಕರೆ ಜಮೀನಿದೆ, ಒಂದಲ್ಲ ಒಂದು ದಿನ ಅದಕ್ಕೆ ಕೋಟಿ ಬೆಲೆ ಬರುತ್ತದೆ ಎಂದು ಕಾದು ಕಾದು ಹಾಳಾಗುವ ಹಾಕಿನ್ಸ್ ಮನೆತನವಿದೆ. ರೈಲುದಾರಿ ಇಲ್ಲೇ ಹಾದುಹೋಗುತ್ತದೆ ಎಂದು ಕೆಸರುಗದ್ದೆಯಂಥ ಜಾಗದಲ್ಲಿ, ನಕ್ಷೆಯ ಮೇಲೆ ಮಾತ್ರ, ದೊಡ್ಡ ನಗರ ಕಟ್ಟುವವರಿದ್ದಾರೆ. ವಾಷಿಂಗ್ಟನ್ನಿನಲ್ಲಿ ಬಾಯಲ್ಲಿ ಧರ್ಮ, ಕೈಯಲ್ಲಿ ಲಂಚ ಇಟ್ಟುಕೊಂಡ ಸೆನೆಟರ್ ಡಿಲ್ವರ್ದಿ ಇದ್ದಾನೆ. ಕ್ಯಾನ್ಸಸ್‌ನ ಸೆನೆಟರ್ ಸ್ಯಾಮ್ಯುಯೆಲ್ ಪಾಮರಾಯ್ ಈ ಪಾತ್ರಕ್ಕೆ ಮಾದರಿ. ಎಲ್ಲಕ್ಕಿಂತ ಹೆಚ್ಚಾಗಿ ಕರ್ನಲ್ ಸೆಲ್ಲರ್ಸ್ ಇದ್ದಾನೆ, ಪ್ರತಿ ಮಾತಿನಲ್ಲೂ ಲಕ್ಷಗಳನ್ನು ಎಣಿಸುವ ಬರಿಗೈ ದಾಸ.

ಸೆಲ್ಲರ್ಸನ ಮನೆಯ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು, ಪದ ಹುಡುಕುವುದಕ್ಕೆ ಅದರಷ್ಟು ಒಳ್ಳೆಯ ದಾರಿ ನನಗೆ ಕಂಡಿಲ್ಲ. ಚಳಿಗೆ ನಡುಗುತ್ತಿರುವ ಅತಿಥಿ ಹುಡುಗ ಕೋಣೆಯಲ್ಲಿದ್ದ ಕಬ್ಬಿಣದ ಒಲೆಯ ಹತ್ತಿರ ಹತ್ತಿರ ಸರಿಯುತ್ತಾನೆ. ಒಲೆಯ ಬಾಗಿಲಿಗೆ ಹಾಕಿದ ಪಾರದರ್ಶಕ ಹಾಳೆಯ ಹಿಂದೆ ಬೆಳಕು ಕಾಣುತ್ತಿದೆ, ಬಿಸಿ ಮಾತ್ರ ಇಲ್ಲ. ಆಕಸ್ಮಿಕವಾಗಿ ಬಾಗಿಲು ಕಳಚಿ ಬೀಳುತ್ತದೆ. ಒಳಗೆ ಉರಿಯುತ್ತಿರುವುದು ಒಂದು ಮೇಣದಬತ್ತಿ. ಸೆಲ್ಲರ್ಸ್ ಪೆಚ್ಚಾಗುವುದಾದರೂ ಎಷ್ಟು ಹೊತ್ತು? ಕಾಯಿಲೆ ಬಾರದಿರಬೇಕಾದರೆ ಮನುಷ್ಯನಿಗೆ ಬೇಕಾದದ್ದು ಬೆಂಕಿಯ ತೋರಿಕೆಯೇ ಹೊರತು ಬೆಂಕಿಯಲ್ಲ ಎಂದು ಹೊಸ ವೈದ್ಯಶಾಸ್ತ್ರವನ್ನೇ ಬೋಧಿಸುತ್ತಾನೆ. ಮುಂದೆ ಒಂದು ದಿನ ಇದೇ ಮನೆಯ ಊಟದಲ್ಲಿ ಹಸಿ ಟರ್ನಿಪ್ ಗಡ್ಡೆ ಮತ್ತು ತಣ್ಣೀರನ್ನು ಮೃಷ್ಟಾನ್ನವೆಂಬಂತೆ ಬಡಿಸುತ್ತಾರೆ.

ಆ ಒಲೆಬಾಗಿಲಿನ ಹಾಳೆ ಅಭ್ರಕದ್ದು. ಅಭ್ರಕಕ್ಕೆ ನಮ್ಮಲ್ಲಿ ಇನ್ನೊಂದು ಹೆಸರಿದೆ, ಕಾಗೆಬಂಗಾರ. ಟ್ವೇನನಿಗೆ ಕನ್ನಡ ಗೊತ್ತಿದ್ದರೆ ಕಾದಂಬರಿಗೆ ಅದೇ ಹೆಸರಿಡುತ್ತಿದ್ದನೇನೋ ಎಂದು ಒಮ್ಮೆ ಅನ್ನಿಸಿತು. ಅಂದಹಾಗೆ ಈ ಪುಸ್ತಕ ನಮ್ಮಂಥ ಪದಮರುಳರಿಗೆಂದೇ ಮಾಡಿದಂತಿದೆ: ಅಧ್ಯಾಯಗಳ ತಲೆಯ ಮೇಲೆ ಜಗತ್ತಿನ ಹತ್ತಾರು ಭಾಷೆಗಳ ಉಕ್ತಿಗಳನ್ನು, ಅರ್ಥ ಕೊಡದೆ, ಹಾಗೇ ಅಚ್ಚು ಮಾಡಿದ್ದಾರೆ. ಹುಡುಕಿ ಕೊಟ್ಟವನು ಅದೇ ಊರಿನ ಭಾಷಾಪಂಡಿತ ಹ್ಯಾಮಂಡ್ ಟ್ರಂಬುಲ್. ಮೊದಲ ಅಧ್ಯಾಯಕ್ಕೇ ಅಮೆರಿಕದ ಮೂಲನಿವಾಸಿಗಳಾದ ಓಜಿಬ್ವೆಯವರ ಭಾಷೆಯ ಸಾಲು ಕೂತಿದೆ, ಭೂಮಿಯ ಒಡೆತನದ ಬಗ್ಗೆ. ಭೂಮಿಯ ಮೇಲೆ ಜೂಜಾಡುವವರ ಕತೆ ಭೂಮಿ ಕಳೆದುಕೊಂಡವರ ಭಾಷೆಯಲ್ಲಿ ಶುರುವಾಗುತ್ತದೆ.

ಈಗ ಪದಗಳಿಗೆ ಬರುತ್ತೇನೆ.

‘ಸ್ವರ್ಣಲೇಪಿತ ಯುಗ’ ಅರ್ಥದಲ್ಲಿ ಸರಿ, ಆದರೆ ಔಷಧಿ ಅಂಗಡಿಯ ಭಸ್ಮದ ಗುಳಿಗೆಯಂತೆ ಕೇಳಿಸುತ್ತದೆ. ಅದರಲ್ಲಿ ಬೈಗುಳದ ಖಾರ ಒಂದಿಷ್ಟೂ ಇಲ್ಲ. ಅಚ್ಚಗನ್ನಡದ ಪಕ್ಷಪಾತಿ ಗೆಳೆಯರು ‘ಹೊನ್ನಪೂಸಿನ ಕಾಲ’ ಅನ್ನಬಹುದೆಂದರು. ಕೇಳಲು ಸೊಗಸು. ಎಷ್ಟು ಸೊಗಸೆಂದರೆ ಮತ್ತೆ ಹೊಗಳಿಕೆಯೇ ಆಗಿಬಿಡುತ್ತದೆ, ‘ಹೊನ್ನ’ ಕೇಳಿದ ಕಿವಿ ‘ಪೂಸು’ ಅನ್ನುವಲ್ಲಿಯವರೆಗೆ ಹೋಗುವುದೇ ಇಲ್ಲ. ಹಳೆಯ ಪತ್ತಾರರ ಬಾಯಲ್ಲಿ ‘ಮುಲಾಮು’ ಇದೆ, ಬೆಳ್ಳಿಯ ಮೇಲೆ ಚಿನ್ನದ ಮುಲಾಮು ಹಾಕಿಸುವುದು ಅನ್ನುತ್ತಾರೆ. ಕೆಲಸಕ್ಕೆ ತಕ್ಕ ಪದವೇ. ಆದರೆ ಇವತ್ತು ‘ಮುಲಾಮು ಯುಗ’ ಎಂದು ಬರೆದರೆ ಓದುಗ ಗಾಯ ಎಲ್ಲಿ ಎಂದು ಹುಡುಕುತ್ತಾನೆ. ‘ಚಿನ್ನದ ನೀರು ಕುಡಿಸಿದ ಕಾಲ’ ಅನ್ನುವುದಕ್ಕೆ ಜೀವವಿದೆ, ಪದಪುಂಜ ಮಾತ್ರ ಉದ್ದ. ಪುಟಕ್ಕೆ ನಾಲ್ಕು ಬಾರಿ ಕುಡಿಸಲು ಆಗುವುದಿಲ್ಲ. ‘ಬೇಗಡೆ’ ನನಗೆ ತುಂಬ ಇಷ್ಟವಾದ ಮಾತು. ಅದು ಹೊಳಪಿನ ತೆಳು ತಗಡು. ಹೊಳೆಯುವುದು ಗೊತ್ತು, ಹರಿದುಹೋಗುವುದೂ ಗೊತ್ತು. ಆದರೆ ಬೇಗಡೆ ಯಾರಿಗೂ ಮೋಸ ಮಾಡುವುದಿಲ್ಲ. ನಾಟಕದ ಕಿರೀಟಕ್ಕೆ ಹಚ್ಚಿದ ಬೇಗಡೆಯನ್ನು ಯಾವ ಪ್ರೇಕ್ಷಕನೂ ಚಿನ್ನವೆಂದು ನಂಬುವುದಿಲ್ಲ. ಕಾಗೆಬಂಗಾರದ ತೊಂದರೆಯೂ ಇಂಥದ್ದೇ, ಅದು ತನ್ನಷ್ಟಕ್ಕೆ ತಾನು ಹೊಳೆಯುವ ವಸ್ತು, ಇನ್ನೊಂದರ ಮೇಲೆ ಬಳಿದದ್ದಲ್ಲ. ಈಗಿನ ಪೇಟೆಯ ಮಾತಾದ ‘ಒಂದು ಗ್ರಾಂ ಚಿನ್ನ’ವನ್ನು ಒಬ್ಬರು ತಮಾಷೆಗೆ ಸೂಚಿಸಿದರು. ‘ಒಂದು ಗ್ರಾಂ ಯುಗ’! ನಕ್ಕು ಬದಿಗಿಟ್ಟೆ, ಆದರೆ ಪೂರ್ತಿ ಬದಿಗಿಡಲು ಮನಸ್ಸಾಗಲಿಲ್ಲ.

ಕೊನೆಗೆ ಉಳಿದದ್ದು ‘ಗಿಲೀಟು’.

ಗಿಲೀಟು ಇಂಗ್ಲಿಷಿನ ‘ಗಿಲ್ಟ್’ನಿಂದಲೇ ಬಂದದ್ದು. ‘ಗಿಲ್ಡೆಡ್’ ಅದರ ಒಡಹುಟ್ಟಿದ್ದು. ನಮ್ಮಲ್ಲಿಗೆ ಬಂದು ಒಡವೆಯ ಪೆಟ್ಟಿಗೆ ಸೇರಿ, ಅಲ್ಲಿಂದ ಮನುಷ್ಯರ ಸ್ವಭಾವಕ್ಕೂ ಹತ್ತಿಕೊಂಡಿತು. ಗಿಲೀಟಿನ ಸರ ಅನ್ನುತ್ತೇವೆ, ಅವನ ಮಾತೆಲ್ಲ ಗಿಲೀಟು ಅಂತಲೂ ಅನ್ನುತ್ತೇವೆ. ಹೊರಗೆ ಥಳುಕು ಒಳಗೆ ಹುಳುಕು ಎಂಬ ಗಾದೆಯಲ್ಲಿರುವ ತಾತ್ಸಾರವೆಲ್ಲ ಆ ಮೂರಕ್ಷರದಲ್ಲಿ ಇದೆ. ಹಾಗಾಗಿ ಟ್ವೇನ್–ವಾರ್ನರ್ ಕಾದಂಬರಿಗೆ ‘ಗಿಲೀಟಿನ ಕಾಲ’ ಎಂದೇ ಹೆಸರು ಕೊಟ್ಟಿದ್ದೇನೆ. ಸೆಲ್ಲರ್ಸನ ಒಲೆಗೆ ಇದಕ್ಕಿಂತ ಸರಿಯಾದ ಪದ ಸಿಗಲಾರದು. ಇಷ್ಟಕ್ಕೇ ಮುಗಿದಿದ್ದರೆ ನಿಮ್ಮನ್ನು ಕಾಡುತ್ತಿರಲಿಲ್ಲ.

ಮೊದಲ ತೊಡಕು ಇಂಗ್ಲಿಷಿನಲ್ಲೇ ಇದೆ. ಕಾದಂಬರಿಯ ಹೆಸರಿನ ಹಿಂದೆ ಷೇಕ್ಸ್‌ಪಿಯರನ ‘ಕಿಂಗ್ ಜಾನ್’ ನಾಟಕದ ಒಂದು ಮಾತನ್ನು ವಿಮರ್ಶಕರು ನೆನೆಯುತ್ತಾರೆ: ಅಪ್ಪಟ ಚಿನ್ನಕ್ಕೆ ಚಿನ್ನ ಬಳಿಯುವುದು, ಹೂವಿಗೆ ಬಣ್ಣ ಹಚ್ಚುವುದು ಹುಚ್ಚು ದುಂದು ಎಂಬ ಅರ್ಥದ್ದು. ಹಾಗೆ ಓದಿದರೆ ‘ಗಿಲ್ಡೆಡ್’ ಮೋಸವನ್ನಲ್ಲ, ಅತಿಯನ್ನು ಹೇಳುತ್ತದೆ. ಕೆಳಗೆ ಹಿತ್ತಾಳೆ ಇದೆಯೆಂದಲ್ಲ, ಚಿನ್ನವೇ ಇದೆ. ಸಾಲದೆಂದು ಮೇಲೆ ಮತ್ತೂ ಬಳಿದಿದ್ದಾರೆ. ಕನ್ನಡದ ಗಿಲೀಟಿಗೆ ಈ ಎರಡನೆಯ ಅರ್ಥ ಬರುವುದೇ ಇಲ್ಲ. ಸೆಲ್ಲರ್ಸ್ ಮೊದಲನೆಯ ಅರ್ಥದವನು. ಅವನ ನಂತರ ಬಂದ ಕೋಟ್ಯಧೀಶರು ಎರಡನೆಯ ಅರ್ಥದವರು.

ರೋಡ್ ಐಲೆಂಡಿನ ನ್ಯೂಪೋರ್ಟ್ ಕಡಲತಡಿಯನ್ನು ನೋಡಿ. ವಿಲಿಯಂ ವ್ಯಾಂಡರ್‌ಬಿಲ್ಟ್ ತನ್ನ ಹೆಂಡತಿ ಆಲ್ವಾಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟ ‘ಮಾರ್ಬಲ್ ಹೌಸ್’ 1892ರಲ್ಲಿ ಮುಗಿಯಿತು. ಖರ್ಚು 1 ಕೋಟಿ 10 ಲಕ್ಷ ಡಾಲರ್, ಅದರಲ್ಲಿ 70 ಲಕ್ಷ ಬರೀ ಅಮೃತಶಿಲೆಗೆ. ಅವನ ಅಣ್ಣ, ಎರಡನೆಯ ಕಾರ್ನೀಲಿಯಸ್, ಹಳೆಯ ಮರದ ಮನೆ 1892ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿಸಿದ ‘ದ ಬ್ರೇಕರ್ಸ್’ 70 ಕೋಣೆಗಳದು. ಇಟಲಿಯ ಅರಮನೆಗಳ ಮಾದರಿಯಲ್ಲಿ 1895ಕ್ಕೆ ಸಿದ್ಧವಾಯಿತು. ಎರಡರ ವಾಸ್ತುಶಿಲ್ಪಿಯೂ ರಿಚರ್ಡ್ ಮಾರಿಸ್ ಹಂಟ್, ಪ್ಯಾರಿಸ್ಸಿನಲ್ಲಿ ಕಲಿತು ಬಂದವನು. ಇಲ್ಲಿ ಗಿಲೀಟು ಎಲ್ಲಿದೆ? ಅಮೃತಶಿಲೆ ಅಪ್ಪಟ ಅಮೃತಶಿಲೆ, ಚಿನ್ನದ ರೇಕು ಅಪ್ಪಟ ಚಿನ್ನದ್ದು. ಬ್ರೇಕರ್ಸಿನ ಒಂದು ಕೋಣೆಯ ಗೋಡೆಗೆ ಹಚ್ಚಿದ ರೇಕನ್ನು ಬಹುಕಾಲ ಬೆಳ್ಳಿಯೆಂದೇ ತಿಳಿದಿದ್ದರು. ಶತಮಾನ ಕಳೆದರೂ ಕಪ್ಪಾಗಲಿಲ್ಲವಲ್ಲ ಎಂದು ಪರೀಕ್ಷೆ ಮಾಡಿಸಿದರೆ ಪ್ಲಾಟಿನಂ! ಬೆಳ್ಳಿಯ ವೇಷದಲ್ಲಿ ಪ್ಲಾಟಿನಂ ಇರುವುದಕ್ಕೆ ಕನ್ನಡದಲ್ಲಿ ಯಾವ ಬೈಗುಳವೂ ಇಲ್ಲ.

ಸುಳ್ಳು ಇದ್ದದ್ದು ಲೋಹದಲ್ಲಿ ಅಲ್ಲ, ಮಾತಿನಲ್ಲಿ. ಈ ಅರಮನೆಗಳನ್ನು ಅವರು ಕರೆಯುತ್ತಿದ್ದದ್ದು ‘ಕಾಟೇಜ್’ ಎಂದು. ಇದಕ್ಕೊಂದು ಉಪಪ್ರಶ್ನೆ ಇಡುತ್ತೇನೆ. ‘ಕಾಟೇಜು’ ಎಂದೇ ಬಿಟ್ಟರೆ ನಮ್ಮ ಓದುಗರಿಗೆ ದೇವಸ್ಥಾನದ ಯಾತ್ರಿಗಳ ವಸತಿ ಇಲ್ಲವೇ ರೆಸಾರ್ಟು ನೆನಪಾಗುತ್ತದೆ. ‘ಕುಟೀರ’ ಅನ್ನಬಹುದು, ಮೂರಂತಸ್ತಿನ ಮನೆಗೆ ‘ಶಾಂತಿ ಕುಟೀರ’ ಎಂದು ಫಲಕ ಹಾಕುವ ನಾಡು ನಮ್ಮದು, ವ್ಯಂಗ್ಯ ತಾನಾಗಿ ಬರುತ್ತದೆ. ‘ನಮ್ಮ ಬಡ ಗುಡಿಸಲಿಗೂ ಒಮ್ಮೆ ಬನ್ನಿ’ ಅನ್ನುವ ನಯವಿನಯ ಮಾತ್ರ ನ್ಯೂಪೋರ್ಟಿನದಲ್ಲ. ಹಿಂದೆ ಬೇಸಿಗೆ ಕಳೆಯಲು ಬರುವವರು ಸಣ್ಣ ಮನೆಗಳಲ್ಲೇ ಇಳಿದುಕೊಳ್ಳುತ್ತಿದ್ದ ಕಾಲದ ಹೆಸರು ಅದು. ಮನೆ ಬೆಳೆದರೂ ಹೆಸರು ಬೆಳೆಯಲಿಲ್ಲ. ಬಹಳ ವರ್ಷ ಯೂರೋಪಿನಲ್ಲಿದ್ದು ಮರಳಿ ಬಂದ ಕಾದಂಬರಿಕಾರ ಹೆನ್ರಿ ಜೇಮ್ಸ್ ಇವನ್ನು ನೋಡಿ, 1907ರ ತನ್ನ ಪ್ರವಾಸ ಪುಸ್ತಕದಲ್ಲಿ ಬಿಳಿಯಾನೆಗಳು ಎಂದುಬಿಟ್ಟ. ಅನುವಾದಕನಿಗೆ ಇಡೀ ಪ್ರಬಂಧದಲ್ಲಿ ಸಿಕ್ಕ ಒಂದೇ ಬಿಡುವು ಅದು. ಬಿಳಿಯಾನೆ ಎರಡೂ ಕಡೆ ಬಿಳಿಯಾನೆಯೇ.

ಎರಡನೆಯ ತೊಡಕು ಕಲೆಯದು, ನನಗೆ ಹೆಚ್ಚು ಕಷ್ಟ ಕೊಟ್ಟದ್ದೂ ಇದೇ. ಆ ಕಾಲದ ಅಮೆರಿಕನ್ ಶಿಲ್ಪಿಗಳು, ಚಿತ್ರಕಾರರು ಚಿನ್ನದ ರೇಕನ್ನು ಕಲೆಯ ಸಾಮಗ್ರಿಯಾಗಿ ಧಾರಾಳವಾಗಿ ಬಳಸಿದರು. ಅಗಸ್ಟಸ್ ಸೇಂಟ್-ಗಾಡೆನ್ಸ್ ಮಾಡಿದ ಡಯಾನಾ ವಿಗ್ರಹ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಗೋಪುರದ ತುದಿಯಲ್ಲಿ ನಿಂತಿತ್ತು, ತಾಮ್ರದ ತಗಡಿಗೆ ಚಿನ್ನದ ರೇಕು. 1891ರಲ್ಲಿ ಏರಿಸಿದ ಮೊದಲ ವಿಗ್ರಹ 18 ಅಡಿಯದು, ಗೋಪುರಕ್ಕೆ ದೊಡ್ಡದಾಯಿತೆಂದು ಇಳಿಸಿ 1893ರಲ್ಲಿ 13 ಅಡಿಯ ಇನ್ನೊಂದನ್ನು ಕೂರಿಸಿದರು. ಅದು ಈಗ ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದಲ್ಲಿದೆ, ಇತ್ತೀಚೆಗೆ ಮತ್ತೆ ಚಿನ್ನ ಹೊದಿಸಿದ್ದಾರೆ. ಸೆಂಟ್ರಲ್ ಪಾರ್ಕಿನ ಮೂಲೆಯಲ್ಲಿರುವ, 1903ರಲ್ಲಿ ಅನಾವರಣಗೊಂಡ ಅವನ ಜನರಲ್ ಶರ್ಮನ್ ಸ್ಮಾರಕಕ್ಕೂ ಚಿನ್ನದ ಹೊದಿಕೆ. ಇವನ್ನು ‘ಗಿಲೀಟು ವಿಗ್ರಹ’ ಎಂದು ಬರೆದರೆ ಕೆಲಸಕ್ಕೂ ಅವಮಾನ, ಓದುಗನಿಗೂ ತಪ್ಪು ತಿಳಿವಳಿಕೆ. ದಸರೆಯ ಅಂಬಾರಿಯ ಒಳಗಿರುವುದು ಮರದ ಚೌಕಟ್ಟು, ಮೇಲೆ ಚಿನ್ನದ ತಗಡು. ಅದನ್ನು ಗಿಲೀಟು ಅಂದವರನ್ನು ನಾನಂತೂ ಕೇಳಿಲ್ಲ. ಚಿನ್ನದ ಅಂಬಾರಿ ಅನ್ನುತ್ತೇವೆ, ಮರ ಇರುವುದು ಗೊತ್ತಿದ್ದೂ. ಅಂದಮೇಲೆ ಗಿಲೀಟು ಒಳಗೇನಿದೆ ಅನ್ನುವುದನ್ನು ಹೇಳುವ ಪದವಲ್ಲ. ಹಚ್ಚಿದವನ ಮನಸ್ಸಿನಲ್ಲೇನಿತ್ತು ಅನ್ನುವುದನ್ನು ಹೇಳುವ ಪದ.

ಈ ಮಾತಿಗೆ ವಿಸ್ಲರ್‌ನಷ್ಟು ಒಳ್ಳೆಯ ಸಾಕ್ಷಿ ಇಲ್ಲ. ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್ ಎಂಬ ಚಿತ್ರಕಾರ ಮ್ಯಾಸಚೂಸೆಟ್ಸಿನ ಲೋವೆಲ್ ಊರಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆ ನಿಂತವನು. ಅಲ್ಲಿ ಹಡಗು ವ್ಯಾಪಾರಿ ಫ್ರೆಡ್ರಿಕ್ ಲೇಲ್ಯಾಂಡನ ಊಟದ ಕೋಣೆಗೆ ಸ್ವಲ್ಪ ಬಣ್ಣ ಸರಿಪಡಿಸಿ ಕೊಡುತ್ತೇನೆಂದು 1876ರಲ್ಲಿ ಒಳಗೆ ಹೊಕ್ಕವನು, ಯಜಮಾನ ಊರಲ್ಲಿಲ್ಲದಾಗ ಇಡೀ ಕೋಣೆಯನ್ನೇ ನೀಲಿ–ಹಸಿರು–ಚಿನ್ನದ ನವಿಲುಕೋಣೆ ಮಾಡಿಬಿಟ್ಟ. ಗೋಡೆಗೆ ಹಾಕಿದ್ದ ಬೆಲೆಬಾಳುವ ಹಳೆಯ ಚರ್ಮದ ಮೇಲೇ ಬಣ್ಣ ಬಳಿದ. 2000 ಗಿನಿ ಕೇಳಿದ, ಲೇಲ್ಯಾಂಡ್ 1000 ಕೊಟ್ಟ, ಅದೂ ಗಿನಿಯಲ್ಲಲ್ಲ, ಪೌಂಡಿನಲ್ಲಿ. ಗಿನಿ ಅಂದರೆ 21 ಶಿಲಿಂಗು, ಕಲಾವಿದರಿಗೆ ವೈದ್ಯರಿಗೆ ಕೊಡುವ ಮರ್ಯಾದೆಯ ಲೆಕ್ಕ. ಪೌಂಡು 20 ಶಿಲಿಂಗು, ಅಂಗಡಿಯವನಿಗೆ ಕೊಡುವ ಲೆಕ್ಕ. ಹೋದ ಒಂದೊಂದು ಶಿಲಿಂಗಿಗಿಂತ ಆ ಅವಮಾನ ಅವನನ್ನು ಹೆಚ್ಚು ಕುಟುಕಿತು. ಸೇಡಿಗಾಗಿ ಒಂದು ಗೋಡೆಯ ತುಂಬ ಜಗಳವಾಡುವ ಎರಡು ಚಿನ್ನದ ನವಿಲುಗಳನ್ನು ಬರೆದ, ಸಿರಿವಂತ ನವಿಲಿನ ಕಾಲಡಿ ನಾಣ್ಯಗಳು. ಚಿತ್ರಕ್ಕೆ ಅವನು ಕೊಟ್ಟ ಹೆಸರುಗಳಲ್ಲೊಂದು ‘ಕಲೆ ಮತ್ತು ಹಣ’.

ನನಗೆ ಬೇಕಾದ ಸಂಗತಿ ಚಾವಣಿಯಲ್ಲಿದೆ. ನವಿಲುಕೋಣೆಯ ಚಾವಣಿಗೆ ವಿಸ್ಲರ್ ಹಚ್ಚಿದ್ದು ಚಿನ್ನದ ರೇಕಲ್ಲ, ಅದರಂತೆ ಕಾಣುವ ಹಿತ್ತಾಳೆ ಜಾತಿಯ ರೇಕು. ಅದರ ಮೇಲೆ ನವಿಲುಗರಿಯ ವಿನ್ಯಾಸ. ಅಂದರೆ ಅಕ್ಷರಶಃ ಗಿಲೀಟು. ಆದರೂ ಅದನ್ನು ಗಿಲೀಟು ಅನ್ನಲು ಬಾಯಿ ಬರುವುದಿಲ್ಲ, ‘ಬೇಗಡೆ’ ಅನ್ನಬಹುದು. ಅತ್ತ ನ್ಯೂಪೋರ್ಟಿನ ಅಪ್ಪಟ ಚಿನ್ನವನ್ನು ಗಿಲೀಟು ಅನ್ನಬೇಕು ಅನ್ನಿಸುತ್ತದೆ. ಪದಕೋಶದ ಪ್ರಕಾರ ಎರಡೂ ತಲೆಕೆಳಗು. ಇಡೀ ಕೋಣೆಯನ್ನು 1904ರಲ್ಲಿ ಚಾರ್ಲ್ಸ್ ಫ್ರೀಯರ್ ಎಂಬ ಅಮೆರಿಕನ್ ಸಿರಿವಂತ ಕೊಂಡು ಬಿಚ್ಚಿಸಿ ಹಡಗಿನಲ್ಲಿ ತರಿಸಿಕೊಂಡ. ಈಗ ವಾಷಿಂಗ್ಟನ್ನಿನಲ್ಲಿ ಅವನ ಹೆಸರಿನ ಗ್ಯಾಲರಿಯಲ್ಲಿದೆ.

ಇನ್ನೊಂದು ಬಗೆಯ ಲೇಪನ ಷಿಕಾಗೋದ್ದು. 1893ರ ಜಾಗತಿಕ ಮೇಳಕ್ಕೆ ಡೇನಿಯಲ್ ಬರ್ನ್‌ಹ್ಯಾಂ ಮುಂದಾಳುತನದಲ್ಲಿ ಕಟ್ಟಿದ ‘ವೈಟ್ ಸಿಟಿ’ ನೋಡಲು ಅಮೃತಶಿಲೆಯ ರೋಮ್ ನಗರ. ವಾಸ್ತವದಲ್ಲಿ ಕಬ್ಬಿಣ ಮತ್ತು ಮರದ ಚೌಕಟ್ಟಿಗೆ ಮೆತ್ತಿದ, ನಾರು ಬೆರೆಸಿದ ಪ್ಲಾಸ್ಟರು. ಆ ಮಿಶ್ರಣಕ್ಕೆ ಅವರ ಕಸುಬಿನ ಹೆಸರು ‘ಸ್ಟಾಫ್’, ನಾನು ‘ನಾರುಗಾರೆ’ ಎಂದು ಬರೆದಿದ್ದೇನೆ. ಇದಕ್ಕಿಂತ ಚೆನ್ನಾದದ್ದು ಇದ್ದರೆ ಹೇಳಿ. ಬಿಳಿ ಬಣ್ಣವನ್ನು ಯಂತ್ರದಿಂದ ಚಿಮುಕಿಸಿ ಹೊಡೆದರು. ಮೇಳ ಮುಗಿದ ಮರುವರ್ಷವೇ ಬೆಂಕಿಗೆ ಬಹುಪಾಲು ಹೋಯಿತು. ಇಲ್ಲಿ ಚಿನ್ನವಿರಲಿ ಕಲ್ಲೂ ಇಲ್ಲ, ಗಿಲೀಟಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ ಅನ್ನಿಸಬಹುದು. ಆದರೆ ಆರು ತಿಂಗಳ ಜಾತ್ರೆಗೆ ಹಾಕಿದ ಚಪ್ಪರ ಅದು, ಶಾಶ್ವತವೆಂದು ಯಾರೂ ಹೇಳಿರಲಿಲ್ಲ. ವಾಸ್ತುಶಿಲ್ಪಿ ಲೂಯಿಸ್ ಸಲಿವನ್‌ಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಗಾರೆ ಕರಗಿದರೂ ಅದರ ರುಚಿ ಕರಗುವುದಿಲ್ಲ, ಊರೂರಿನ ಬ್ಯಾಂಕು ಗ್ರಂಥಾಲಯಗಳು ರೋಮನ್ ಕಂಬ ಹೊತ್ತು ನಿಲ್ಲುತ್ತವೆ, ಈ ಮೇಳ ಮಾಡಿದ ಹಾನಿ ಅರ್ಧ ಶತಮಾನ ಉಳಿಯುತ್ತದೆ ಎಂದು ತನ್ನ ಆತ್ಮಕಥೆಯಲ್ಲಿ ಬರೆದ. ತಮಾಷೆಯೆಂದರೆ ಆ ಬಿಳಿ ಊರಿನಲ್ಲಿ ಬಣ್ಣಬಣ್ಣವಾಗಿದ್ದ ಅವನ ಸಾರಿಗೆ ಭವನದ ಹೆಬ್ಬಾಗಿಲಿಗೆ ಜನ ಕೊಟ್ಟ ಹೆಸರು ‘ಚಿನ್ನದ ಬಾಗಿಲು’. ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಮಾತಾಡಿದ ಸರ್ವಧರ್ಮ ಸಮ್ಮೇಳನ ಇದೇ ಮೇಳದ ಅಂಗ. ಆ ಸಭೆ ಮಾತ್ರ ನಾರುಗಾರೆಯ ಊರಿನಲ್ಲಿ ನಡೆಯಲಿಲ್ಲ, ನಗರದ ನಡುವಿನ ಕಲ್ಲಿನ ಕಟ್ಟಡದಲ್ಲಿ ನಡೆಯಿತು. ಇವತ್ತಿನ ಆರ್ಟ್ ಇನ್‌ಸ್ಟಿಟ್ಯೂಟ್ ಅದೇ.

ಮೂರನೆಯ ತೊಡಕು, ಈ ಹೆಸರು ಆ ಕಾಲಕ್ಕೆ ಅಂಟಿದ್ದು ತಡವಾಗಿ. 1873ರ ಕಾದಂಬರಿಯ ಹೆಸರನ್ನು ಇಡೀ ಕಾಲಘಟ್ಟಕ್ಕೆ ಹಚ್ಚಿದವರು ಇಪ್ಪತ್ತನೆಯ ಶತಮಾನದ ವಿಮರ್ಶಕರು, ಚರಿತ್ರಕಾರರು. ಅವರಲ್ಲೂ ಬಣ್ಣದ ಬಗ್ಗೆ ಒಮ್ಮತವಿಲ್ಲ. 1926ರಲ್ಲಿ ಥಾಮಸ್ ಬಿಯರ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಹತ್ತು ವರ್ಷಗಳಿಗೆ ತಿಳಿನೇರಳೆ ಬಳಿದ. 1931ರಲ್ಲಿ ಲೂಯಿಸ್ ಮಮ್‌ಫರ್ಡ್ 1865ರಿಂದ 1895ರ ಅವಧಿಯನ್ನು ‘ಕಂದು ದಶಕಗಳು’ ಎಂದು ಕರೆದ, ಲಿಂಕನ್ ಸಾವಿನ ನಂತರದ ಮಂಕು, ನ್ಯೂಯಾರ್ಕಿನ ಕಂದುಕಲ್ಲಿನ ಮನೆಗಳು ಎರಡೂ ಅದರಲ್ಲಿವೆ. ಮಮ್‌ಫರ್ಡನದು ಬೈಗುಳವಲ್ಲ. ಆ ಕಂದಿನಡಿ ಹುದುಗಿಹೋದದ್ದನ್ನು ಎತ್ತಿ ತೋರಿಸುವುದು ಅವನ ಉದ್ದೇಶ: 1883ರಲ್ಲಿ ಮುಗಿದ ಬ್ರೂಕ್ಲಿನ್ ಸೇತುವೆ, ಸಲಿವನ್‌ನ ಎತ್ತರದ ಕಟ್ಟಡಗಳು, ಪೆಟ್ಟಿಗೆಯಲ್ಲಿ ಕವಿತೆ ಬಿಟ್ಟುಹೋದ ಎಮಿಲಿ ಡಿಕಿನ್‌ಸನ್, ಥಾಮಸ್ ಈಕಿನ್ಸ್. ಈಕಿನ್ಸ್ 1875ರಲ್ಲಿ ಬರೆದ ‘ದ ಗ್ರಾಸ್ ಕ್ಲಿನಿಕ್’ನಲ್ಲಿ ಶಸ್ತ್ರವೈದ್ಯನ ಬೆರಳಿಗೆ ರಕ್ತ ಮೆತ್ತಿದೆ. ಮರುವರ್ಷದ ಫಿಲಡೆಲ್ಫಿಯಾ ಮೇಳದ ಕಲಾವಿಭಾಗ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಸೇನಾ ಆಸ್ಪತ್ರೆಯ ಮಾದರಿ ಕೋಣೆಯಲ್ಲಿ ತೂಗುಹಾಕಿದರು. ಈ ಚಿತ್ರವನ್ನೂ ‘ಗಿಲೀಟು ಯುಗದ ಕಲೆ’ ಎಂದು ಒಂದೇ ಕಂತೆಗೆ ಕಟ್ಟಲು ನನ್ನ ಕೈ ಏಳುತ್ತಿಲ್ಲ.

ಅಮೆರಿಕನ್ ಲೇಖಕ ವಿಲಿಯಂ ಡೀನ್ ಹೋವೆಲ್ಸನ 1885ರ ಕಾದಂಬರಿ ‘ಸೈಲಾಸ್ ಲ್ಯಾಪಂನ ಏಳಿಗೆ’ಯನ್ನೂ ಅಷ್ಟೇ. ಅದರ ನಾಯಕ ಬಣ್ಣದ ವ್ಯಾಪಾರಿ. ತನ್ನ ಹೊಲದಲ್ಲಿ ಸಿಕ್ಕ ಖನಿಜದ ಬಣ್ಣ ಮಾರಿ ಸಿರಿವಂತನಾಗಿ, ಬಾಸ್ಟನ್ನಿನ ಪ್ರತಿಷ್ಠಿತರ ಬೀದಿಯಲ್ಲಿ ಮನೆ ಕಟ್ಟಿಸುತ್ತಾನೆ. ವಿಮೆ ಮುಗಿದ ಹೊತ್ತಿಗೆ ಸರಿಯಾಗಿ ಮನೆ ಸುಡುತ್ತದೆ. ಸುಳ್ಳು ಹೇಳಿ ಉಳಿದುಕೊಳ್ಳುವ ಅವಕಾಶವಿದ್ದರೂ ಹೇಳದೆ ದಿವಾಳಿಯಾಗುತ್ತಾನೆ. ಕನ್ನಡದಲ್ಲಿ ಬಣ್ಣ ಬಯಲಾಗುವುದು ಅಂದರೆ ಮೋಸ ಹೊರಬೀಳುವುದು. ಇವನ ಬಣ್ಣ ಕಳಚಿದಾಗ ಕೆಳಗೆ ಗಟ್ಟಿ ಮನುಷ್ಯ ಕಾಣುತ್ತಾನೆ. ಇತ್ತ ಗಿಲೀಟಿನ ಕಾಲ ಎಂದು ಹೆಸರಿಟ್ಟ ಟ್ವೇನನೇ 25 ಕೋಣೆಯ ಮನೆ ಕಟ್ಟಿಸಿ, 1881ರಲ್ಲಿ ಟಿಫನಿ ಮತ್ತು ಸಂಗಡಿಗರಿಂದ ಹಜಾರದ ಗೋಡೆಗೆ ಬೆಳ್ಳಿಬಣ್ಣದ ಚಿತ್ತಾರ ಬಿಡಿಸಿದ. ಅಚ್ಚುಮೊಳೆ ಜೋಡಿಸುವ ಯಂತ್ರವೊಂದು ಕೋಟಿ ತರುತ್ತದೆಂದು ಸೆಲ್ಲರ್ಸನಂತೆಯೇ ನಂಬಿ ಹಣ ಸುರಿದು, 1894ರಲ್ಲಿ ದಿವಾಳಿಯಾಗಿ, ಸಾಲ ತೀರಿಸಲು ಉಪನ್ಯಾಸ ಕೊಡುತ್ತ ಲೋಕ ಸುತ್ತಿದ. 1896ರ ಜನವರಿಯಲ್ಲಿ ಅವನು ಮುಂಬಯಿಗೆ ಬಂದಿಳಿದದ್ದು ಆ ಸಾಲದ ಯಾತ್ರೆಯಲ್ಲೇ.

ಸಣ್ಣಪುಟ್ಟವು ಇನ್ನೆರಡು. ‘ಅಮೆರಿಕನ್ ರಿನೈಸಾನ್ಸ್’ ಬಂದರೆ ಎಚ್ಚರವಿರಲಿ. ಸಾಹಿತ್ಯದವರಿಗೆ ಅದು ಎಮರ್ಸನ್, ಮೆಲ್ವಿಲ್, ವಿಟ್ಮನ್‌ರ 1850ರ ದಶಕ. ವಾಸ್ತುಶಿಲ್ಪದವರಿಗೆ ಅದೇ ಮಾತು 1876ರಿಂದ 1917ರವರೆಗಿನ ಕಂಬ–ಗುಮ್ಮಟಗಳ ಕಾಲ. ಎರಡಕ್ಕೂ ‘ನವೋದಯ’ ಎಂದರೆ ನಮ್ಮ ನವೋದಯವೂ ಸೇರಿ ಮೂರಾಗುತ್ತದೆ. ಮೊದಲನೆಯದಕ್ಕೆ ‘ಸಾಹಿತ್ಯದ ಹೊಸಹುಟ್ಟು’, ಎರಡನೆಯದಕ್ಕೆ ‘ಪುನರುಜ್ಜೀವನ ಶೈಲಿ’ ಎಂದು ಬೇರೆ ಮಾಡಿದ್ದೇನೆ. ಅರ್ಥಶಾಸ್ತ್ರಜ್ಞ ವೆಬ್ಲೆನ್ 1899ರಲ್ಲಿ ಕೊಟ್ಟ, ಸಿರಿವಂತರ ತೋರಿಕೆಯ ಖರ್ಚನ್ನು ಹೇಳುವ ಪರಿಭಾಷೆಗೆ ಪಠ್ಯಪುಸ್ತಕದ ‘ಪ್ರದರ್ಶನಾತ್ಮಕ ಅನುಭೋಗ’ ಬಿಟ್ಟು ‘ದೌಲತ್ತಿನ ಖರ್ಚು’ ಎಂದಿದ್ದೇನೆ. ಅರ್ಥಶಾಸ್ತ್ರದವರು ಮುನಿಸಿಕೊಳ್ಳಬಾರದು.

ಸದ್ಯಕ್ಕೆ ನನ್ನ ಏರ್ಪಾಡು ಇದು. ಟ್ವೇನ್–ವಾರ್ನರ್ ಕಾದಂಬರಿಗೆ ‘ಗಿಲೀಟಿನ ಕಾಲ’. ಚರಿತ್ರೆಯ ಅವಧಿಯನ್ನು ಹೇಳುವಲ್ಲಿ ‘ಗಿಲ್ಡೆಡ್ ಏಜ್’ ಎಂದು ಒಮ್ಮೆ ಹೇಳಿ, ಆಮೇಲೆ ‘ಗಿಲೀಟು ಯುಗ’, ಅದೂ ರಾಜಕಾರಣ ವ್ಯಾಪಾರಗಳ ಮಾತು ಬಂದಾಗ ಮಾತ್ರ. ಶಿಲ್ಪ, ಚಿತ್ರ, ಒಳಾಂಗಣಗಳ ಮಾತು ಬಂದಾಗ ಯುಗದ ಹೆಸರನ್ನೇ ಎತ್ತದೆ ಇಸವಿ ಹಾಕುವುದು. ವಸ್ತುವನ್ನು ಹೇಳುವಾಗ ‘ಚಿನ್ನದ ರೇಕು’ ಅಥವಾ ‘ಹಿತ್ತಾಳೆ ರೇಕು’, ಇದ್ದದ್ದನ್ನು ಇದ್ದಂತೆ. ಒಂದೇ ಇಂಗ್ಲಿಷ್ ಪದಕ್ಕೆ ಮೂರು ಕನ್ನಡವೇ ಎಂದು ಸಂಪಾದಕರು ಕೇಳಿಯೇ ಕೇಳುತ್ತಾರೆ. ನನ್ನ ಮಟ್ಟಿಗೆ ಹೌದು. ಒಪ್ಪದವರು ಒಂದೇ ಪದದಲ್ಲಿ ಸೆಲ್ಲರ್ಸನ ಒಲೆ, ಬ್ರೇಕರ್ಸಿನ ಪ್ಲಾಟಿನಂ, ವಿಸ್ಲರನ ಚಾವಣಿ ಮೂರನ್ನೂ ಹಿಡಿದು ತೋರಿಸಿದರೆ ಸಂತೋಷದಿಂದ ಬದಲಿಸುತ್ತೇನೆ.

ಮೈಸೂರು ಶೈಲಿಯ ಚಿತ್ರ ಬರೆಯುವವರನ್ನೋ ದೇವಸ್ಥಾನದ ಕವಚ, ಕಳಶಗಳ ಕೆಲಸದವರನ್ನೋ ಹತ್ತಿರದಿಂದ ಬಲ್ಲವರು ದಯವಿಟ್ಟು ಇದೊಂದನ್ನು ಕೇಳಿ ತಿಳಿಸಿ: ರೇಕನ್ನು ಮೇಲೆ ಕೂರಿಸುವ ಕೆಲಸಕ್ಕೆ ಅವರು ಆಡುವ ಕ್ರಿಯಾಪದ ಯಾವುದು? ಹಚ್ಚುವುದೋ, ಅಂಟಿಸುವುದೋ, ಹೊದಿಸುವುದೋ, ಕೂರಿಸುವುದೋ? ಪ್ರಬಂಧದಲ್ಲಿ ಆ ಕ್ರಿಯಾಪದದ ಜಾಗಗಳನ್ನು ಖಾಲಿ ಬಿಟ್ಟಿದ್ದೇನೆ.